ಇಂಚಿನಲ್ಲಿ ಸೂರ್ಯ, ಮೈಲಿಯಲ್ಲಿ ನಕ್ಷತ್ರ

ಒಂದು ಮೈಲಿಗೆ 63,360 ಇಂಚು. ಭೂಮಿಯಿಂದ ಸೂರ್ಯನಿಗಿರುವ ದೂರವನ್ನು ಒಂದು ಅಳತೆಗೋಲು ಎಂದಿಟ್ಟುಕೊಂಡರೆ ಒಂದು ಜ್ಯೋತಿರ್ವರ್ಷಕ್ಕೆ ಅಂಥ 63,241 ಕೋಲು. ಮೊದಲನೆಯ ಸಂಖ್ಯೆ ಹುಟ್ಟಿದ್ದು ಇಂಗ್ಲೆಂಡಿನ ಹೊಲಗಳಲ್ಲಿ. ಎತ್ತುಗಳು ಒಂದೇ ಉಸಿರಿಗೆ ಉಳುವ ಸಾಲಿನ ಉದ್ದ ಫರ್ಲಾಂಗಾಯಿತು, ಎಂಟು ಫರ್ಲಾಂಗು ಮೈಲಿಯಾಯಿತು. ಎರಡನೆಯ ಸಂಖ್ಯೆ ಆಕಾಶದ್ದು. ಒಂದು ವರ್ಷದ ಸೆಕೆಂಡುಗಳನ್ನು, ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ತೆಗೆದುಕೊಳ್ಳುವ 499 ಸೆಕೆಂಡುಗಳಿಂದ ಭಾಗಿಸಿದರೆ ಅದು ಸಿಗುತ್ತದೆ. ಉಳುವ ಎತ್ತಿಗೂ ಸೂರ್ಯನ ಬೆಳಕಿಗೂ ಯಾರೂ ನಂಟು ಹಾಕಿದ್ದಿಲ್ಲ. ಆದರೂ ಎರಡು ಸಂಖ್ಯೆಗಳ ವ್ಯತ್ಯಾಸ ಸಾವಿರಕ್ಕೆ ಎರಡು ಪಾಲು ಮಾತ್ರ.

ಈ ಆಕಸ್ಮಿಕ ನಮಗೆ ದೊಡ್ಡದೊಂದು ಉಪಕಾರ ಮಾಡಿದೆ. ಹದಿನೈದು ಕೋಟಿ ಕಿಲೋಮೀಟರನ್ನು ಒಂದು ಇಂಚು ಎಂದು ಬರೆದುಕೊಂಡರೆ, ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರಿನ ಒಂದು ಜ್ಯೋತಿರ್ವರ್ಷ ತಾನಾಗಿಯೇ ಒಂದು ಮೈಲಿಯಾಗುತ್ತದೆ. ಗುಣಾಕಾರ ಭಾಗಾಕಾರ ಏನೂ ಬೇಡ. ಪುಸ್ತಕದಲ್ಲಿ ಯಾವ ನಕ್ಷತ್ರ ಎಷ್ಟು ಜ್ಯೋತಿರ್ವರ್ಷ ದೂರ ಎಂದಿದೆಯೋ ಅಷ್ಟೇ ಮೈಲಿ ಎಂದು ಓದಿಕೊಂಡರಾಯಿತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ನಂತರ ಇಂಚು, ಮೈಲಿ, ಫರ್ಲಾಂಗುಗಳು ನಮ್ಮ ಸರ್ಕಾರಿ ಲೆಕ್ಕದಿಂದ ಹೊರಟುಹೋದವು. ಹಳೇ ಮೈಸೂರಿನ ಹಿರಿಯರ ಬಾಯಲ್ಲಿ ಮಾತ್ರ ಅವು ಇನ್ನೂ ಉಳಿದಿವೆ. ಹಾಗೆ ಉಳಿದ ಅಳತೆಯೊಂದು ಆಕಾಶವನ್ನು ನಮ್ಮ ಊರಿನ ಮೇಲೆ ಹಾಸಲು ಒದಗಿಬರುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ.

ಹಾಸಿಯೇ ನೋಡೋಣ. ಮೈಸೂರಿನ ದೊಡ್ಡ ಗಡಿಯಾರದ ಬುಡದಲ್ಲಿ ಸೂರ್ಯ ಇರಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ, 75 ಅಡಿ ಎತ್ತರದ, ಮುಖದ ಮೇಲೆ ಕನ್ನಡ ಅಂಕಿಗಳನ್ನು ಹೊತ್ತ ಗೋಪುರ ಅದು. ಒಂದು ಸಂಜೆ ಅದರ ಹತ್ತಿರ ಕುಳಿತು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಒಂದು ಚುಕ್ಕೆ ಇಟ್ಟೆ. ಒಂದು ಇಂಚು ಬಿಟ್ಟು ಇನ್ನೊಂದು. ಮೊದಲನೆಯದು ಸೂರ್ಯ, ಎರಡನೆಯದು ಭೂಮಿ. ಈ ಅಳತೆಯಲ್ಲಿ ಸೂರ್ಯನ ಅಡ್ಡಗಲ ಕಾಲು ಮಿಲಿಮೀಟರು. ನಾನಿಟ್ಟ ಚುಕ್ಕೆಯೇ ಅದಕ್ಕಿಂತ ದೊಡ್ಡದು. ಭೂಮಿ ಅದರ ನೂರೊಂಬತ್ತರಲ್ಲಿ ಒಂದು ಪಾಲು. ಅದನ್ನು ಬರೆಯಬಲ್ಲ ಪೆನ್ನು ಇಲ್ಲ. ಗುರು ಐದು ಇಂಚಿನಾಚೆ, ಹಾಳೆಯೊಳಗೇ ಕೂತ. ನೆಪ್ಚೂನು ಮೂವತ್ತು ಇಂಚು, ಅಂದರೆ ಎರಡೂವರೆ ಅಡಿ. ಅದಕ್ಕೆ ಪುಸ್ತಕ ಸಾಲದೆ ನೆಲವನ್ನೇ ತೋರಿಸಬೇಕಾಯಿತು.

ಆಮೇಲೆ ಗಡಿಯಾರ ನೋಡುತ್ತ ಕಾದೆ. ಮೊದಲ ಚುಕ್ಕೆಯಿಂದ ಈಗ ಬೆಳಕು ಹೊರಟಿತು ಎಂದುಕೊಂಡರೆ ಎರಡನೆಯದನ್ನು ಮುಟ್ಟುವುದು 8 ನಿಮಿಷ 19 ಸೆಕೆಂಡಿಗೆ. ಅಷ್ಟರಲ್ಲಿ ನನ್ನ ಮುಂದೆ ಆಟೋಗಳು ಬಂದು ಹೋದವು, ಹೂ ಮಾರುವಾಕೆ ಮೊಳ ಹಾಕಿ ಮಲ್ಲಿಗೆ ಅಳೆದು ಕೊಟ್ಟಳು, ಶಾಲೆಯ ಹುಡುಗರ ಗುಂಪೊಂದು ಗದ್ದಲ ಮಾಡುತ್ತ ರಸ್ತೆ ದಾಟಿತು. ವಿಶ್ವದಲ್ಲಿ ಯಾವುದಕ್ಕೂ ಮೀರಲಾಗದ ವೇಗ ಆ ಇಂಚಿನೊಳಗೆ ತೆವಳುತ್ತಿತ್ತು. ಒಂದು ಹಗಲು ಒಂದು ರಾತ್ರಿ ಕಳೆದರೆ ಅದು ಹದಿನಾಲ್ಕು ಅಡಿ ದಾಟಿರುತ್ತದೆ. ಗೋಪುರದ ತುದಿ ಮುಟ್ಟಲು ಐದು ದಿನ ಮೀರುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದಾಗ ಆಗದ ಅನುಭವ, ಆ ಎಂಟು ನಿಮಿಷ ಸುಮ್ಮನೆ ಕೂತಾಗ ಆಯಿತು.

ಇನ್ನು ನಕ್ಷತ್ರಗಳು. ಸೂರ್ಯನನ್ನು ಬಿಟ್ಟರೆ ನಮಗೆ ತೀರ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ. ಗಡಿಯಾರದಿಂದ ನಾಲ್ಕೂಕಾಲು ಮೈಲಿ ಎಂದರೆ ಲಿಂಗಾಂಬುಧಿ ಕೆರೆ ದಾಟಿ ಸ್ವಲ್ಪ ಮುಂದೆ. ಅಲ್ಲಿಯವರೆಗೆ ಅರಮನೆ, ಅಗ್ರಹಾರ, ಸರಸ್ವತಿಪುರ, ಕುವೆಂಪುನಗರ ಎಲ್ಲವೂ ಖಾಲಿ; ಗಡಿಯಾರದ ಬುಡದ ಕಾಲು ಮಿಲಿಮೀಟರಿನ ಸೂರ್ಯನಿಗೆ ನೆರೆಯಾಗಿ ಇನ್ನೊಂದು ನಕ್ಷತ್ರ ಇಡೀ ಮೈಸೂರಿನಲ್ಲಿಲ್ಲ. ಇರುಳಿನಾಕಾಶದ ಅತಿ ಪ್ರಕಾಶಮಾನ ನಕ್ಷತ್ರ ಲುಬ್ಧಕ ಎಂಟೂವರೆ ಮೈಲಿಯಾಚೆ, ಹೆಚ್ಚುಕಡಿಮೆ ಶ್ರೀರಂಗಪಟ್ಟಣದಲ್ಲಿ.

ಅಲ್ಲಿಂದ ಬೆಂಗಳೂರಿನತ್ತ, ರಸ್ತೆಯ ತಿರುವು ಲೆಕ್ಕಿಸದೆ ಹಕ್ಕಿ ಹಾರುವ ನೇರದಲ್ಲಿ ಹೋಗೋಣ. ಮಂಡ್ಯಕ್ಕೆ ಮೊದಲೇ ಶ್ರವಣ ಸಿಗುತ್ತದೆ, ಹದಿನೇಳು ಮೈಲಿಗೆ. ಮಂಡ್ಯ ದಾಟಿದ ಮೇಲೆ ಅಭಿಜಿತ್, ಇಪ್ಪತ್ತೈದಕ್ಕೆ. ಮದ್ದೂರು ಕಳೆದು ಚನ್ನಪಟ್ಟಣ ಬರುವ ಮೊದಲು ಸ್ವಾತಿ, ಮೂವತ್ತೇಳಕ್ಕೆ. ಬಿಡದಿ ಬಿಟ್ಟ ಮೇಲೆ ರೋಹಿಣಿ, ಅರವತ್ತೈದಕ್ಕೆ. ಬೆಂಗಳೂರು ಮುಟ್ಟಿದರೆ ಮಖೆ, ಎಪ್ಪತ್ತೊಂಬತ್ತಕ್ಕೆ. ಹಳೇ ಮೈಸೂರಿನ ರೈತ ಇವುಗಳಲ್ಲಿ ಕೆಲವು ಹೆಸರುಗಳನ್ನು ಬಲ್ಲದ್ದು ಮಳೆಗಳಾಗಿ. ರೋಹಿಣಿ ಮಳೆ ಬಿತ್ತನೆಯ ಹೊತ್ತಿಗೆ, ಮಖೆ ಮಳೆ ಶ್ರಾವಣದ ಹೊತ್ತಿಗೆ, ಸ್ವಾತಿ ಮಳೆ ದೀಪಾವಳಿಯ ಆಸುಪಾಸಿಗೆ. ವರ್ಷದಲ್ಲಿ ಸಾಲಾಗಿ ಬರುವ ಈ ನಕ್ಷತ್ರಗಳು ದೂರದಲ್ಲಿ ಹೀಗೆ ಬೇರೆಯೇ ಸಾಲಿನಲ್ಲಿ ನಿಂತಿವೆ. ಕೃತ್ತಿಕೆಯ ಗೊಂಚಲನ್ನು ಮುಟ್ಟಬೇಕಾದರೆ ಬೀದರನ್ನೂ ದಾಟಬೇಕು. ಅದು ನಾನೂರ ನಲವತ್ತು ಮೈಲಿಯಾಚೆ.

ಇಷ್ಟರಲ್ಲಿ ಕರ್ನಾಟಕ ಮುಗಿಯಿತು. ಆಕಾಶಗಂಗೆ ಶುರುವಾದದ್ದು ಅಷ್ಟೇ. ನಮ್ಮ ಈ ನಕ್ಷತ್ರಗಳ ಊರಿನ ನಡುಬಿಂದು 26,000 ಜ್ಯೋತಿರ್ವರ್ಷ ದೂರ. ಭೂಮಿಯ ಸುತ್ತಳತೆಯೇ 24,900 ಮೈಲಿ. ಮೈಸೂರಿನಿಂದ ಹೊರಟು ಭೂಮಿಯನ್ನು ಒಂದು ಸುತ್ತು ಹಾಕಿ ಮರಳಿ ಮೈಸೂರಿಗೆ ಬಂದರೂ ಇನ್ನು ಸಾವಿರದ ನೂರು ಮೈಲಿ ಬಾಕಿ. ಬರಿಗಣ್ಣಿಗೆ ಮಸುಕು ಮಚ್ಚೆಯಾಗಿ ಕಾಣುವ ಆಂಡ್ರೊಮಿಡಾ ಗೆಲಾಕ್ಸಿ 25 ಲಕ್ಷ ಜ್ಯೋತಿರ್ವರ್ಷ. ಈ ಅಳತೆಯಲ್ಲಿ ಅದನ್ನು ಇಡಲು ಭೂಮಿಯ ಮೇಲೆ ಜಾಗವಿಲ್ಲ. ಚಂದ್ರನಿರುವ ದೂರದ ಹತ್ತು ಪಟ್ಟು ಆಚೆಗೆ ಇಡಬೇಕು. ಸೂರ್ಯನ ದೂರವನ್ನು ಇಂಚಿಗೆ ಇಳಿಸಿದ ಮೇಲೂ ಆಂಡ್ರೊಮಿಡಾ ಆಕಾಶದಲ್ಲೇ ಉಳಿಯಿತು.

ರೋಹಿಣಿಯನ್ನು ಇಟ್ಟ ಜಾಗದ ಸಮೀಪದಲ್ಲೇ ಬ್ಯಾಲಾಳು ಇದೆ. ಇಸ್ರೋದ 18 ಮೀಟರ್ ಮತ್ತು 32 ಮೀಟರ್ ಅಗಲದ ಬೋಗುಣಿ ಆಂಟೆನಾಗಳು ದೂರದ ನೌಕೆಗಳ ದನಿ ಆಲಿಸುವುದು ಅಲ್ಲಿ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿದಾಗ ನೌಕೆ ಸುಮಾರು 22 ಕೋಟಿ ಕಿಲೋಮೀಟರು ದೂರವಿತ್ತು, ಅದರ ಸಂಕೇತ ಇಲ್ಲಿಗೆ ಬರಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕಿತ್ತು. ನೋಟ್‌ಬುಕ್ಕಿನ ಅಳತೆಯಲ್ಲಿ ಅದು ಒಂದೂವರೆ ಇಂಚು. ನಾಡೆಲ್ಲ ಉಸಿರು ಬಿಗಿಹಿಡಿದು ಕಾದ ಆ ಬೆಳಗು ನನಗೆ ಈ ಲೆಕ್ಕದಿಂದ ಸಣ್ಣದಾಗಲಿಲ್ಲ. ಒಂದೂವರೆ ಇಂಚಿನ ಆ ಹೆಜ್ಜೆಗೆ ಮನುಷ್ಯ ಎಷ್ಟು ಬುದ್ಧಿ, ಎಷ್ಟು ತಾಳ್ಮೆ ವೆಚ್ಚ ಮಾಡಿದ್ದಾನೆ ಎಂಬುದು ಇನ್ನಷ್ಟು ಸ್ಪಷ್ಟವಾಯಿತು.

ಅಳತೆ ಎಂಬುದು ಎಲ್ಲ ಕಾಲದಲ್ಲೂ ದೇಹದಿಂದಲೇ ಹೊರಟಿದೆ. ಇದಕ್ಕೆ ದೊಡ್ಡ ಸಾಕ್ಷಿ ಸಿಕ್ಕಿದ್ದು ಮೈಸೂರಿನಲ್ಲೇ. ಇಲ್ಲಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟೊಂದರಲ್ಲಿ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ದೇಶ ಮತ್ತು ಕಾಲದ ಮಾನಗಳಿಗೆಂದೇ ಒಂದು ಅಧ್ಯಾಯವಿದೆ. ಎಂಟು ಪರಮಾಣು ಸೇರಿದರೆ ರಥದ ಗಾಲಿ ಎಬ್ಬಿಸುವ ಧೂಳಿನ ಒಂದು ಕಣ. ಅಂಥ ಎಂಟು ಸೇರಿದರೆ ಸೀರು, ಎಂಟು ಸೀರಿಗೆ ಒಂದು ಹೇನು, ಎಂಟು ಹೇನಿಗೆ ಒಂದು ಜವೆಗೋಧಿಯ ನಡು, ಎಂಟು ಜವೆಗೆ ಒಂದು ಅಂಗುಲ. ಅಂಗುಲವೆಂದರೆ ಮಧ್ಯಮ ಮೈಕಟ್ಟಿನ ಪುರುಷನ ನಡುಬೆರಳಿನ ನಡುಗೆಣ್ಣು. ಅಲ್ಲಿಂದ ಗೇಣು, ಮೊಳ, ಬಿಲ್ಲು, ಗೋರುತ. ನಾಲ್ಕು ಗೋರುತಕ್ಕೆ ಒಂದು ಯೋಜನ.

ಆ ಅಧ್ಯಾಯ ಓದುವಾಗ ನಡುಬೆರಳನ್ನು ಬಾಗಿಸಿ ಗೆಣ್ಣು ನೋಡಿಕೊಳ್ಳದೆ ಇರುವುದು ಕಷ್ಟ. ಅಂಗುಲವನ್ನು ಮುಕ್ಕಾಲು ಇಂಚು ಎಂದು ಹಿಡಿದು ಎಂಟರಿಂದ ಐದು ಸಲ ಭಾಗಿಸುತ್ತ ಇಳಿದರೆ ಕೌಟಿಲ್ಯನ ಪರಮಾಣು ಮಿಲಿಮೀಟರಿನ ಸಾವಿರದ ಏಳುನೂರರಲ್ಲಿ ಒಂದು ಪಾಲಿಗೆ ಬಂದು ನಿಲ್ಲುತ್ತದೆ. ಕಣ್ಣಿಗೆ ಕಾಣುವುದಕ್ಕಿಂತ ಬಹಳ ಕೆಳಗೆ ಬುದ್ಧಿ ಇಳಿದುಹೋಗಿದೆ. ಅತ್ತ ಮೇಲಕ್ಕೆ ಹತ್ತಿದರೆ ದಿನವೆಲ್ಲ ನಡೆಯುವ ದಾರಿ. ಎರಡರ ನಡುವೆ ಬೆರಳಿನ ಗೆಣ್ಣು ಕೀಲಿಯಂತೆ ನಿಂತಿದೆ. ಗೋರುತ ಹಸುವಿನ ಕೂಗು ಕೇಳುವಷ್ಟು ದೂರ. ನಮ್ಮ ಹಳ್ಳಿಗಳ ಕೂಗಳತೆಯೂ ಅದೇ ವಂಶದ್ದು. ಹರದಾರಿ ಸುಮಾರು ಮೂರು ಮೈಲಿ. ಮೈಸೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಮೂವತ್ತು ಹರದಾರಿ. ಕಾಲು ಎಲ್ಲಿಯವರೆಗೆ ಹೋಗುತ್ತದೋ, ದನಿ ಎಲ್ಲಿಯವರೆಗೆ ಕೇಳುತ್ತದೋ, ಬೆಳಕು ವರ್ಷದಲ್ಲಿ ಎಷ್ಟು ಸಾಗುತ್ತದೋ, ಅಷ್ಟನ್ನು ಒಂದು ಎಂದು ಎಣಿಸಿ ಆಚೆಗಿರುವುದನ್ನು ಅಳೆಯುವುದು ಮನುಷ್ಯನ ಹಳೆಯ ಪದ್ಧತಿ.

ಜ್ಯೋತಿರ್ವರ್ಷಕ್ಕಿಂತ ಖಗೋಳಜ್ಞರಿಗೆ ಹೆಚ್ಚು ಬಳಕೆಯದು ಪಾರ್ಸೆಕ್. ಅದನ್ನೂ ಮೈಸೂರಿನಲ್ಲೇ ನಿಂತು ತಿಳಿಯಬಹುದು. ಒಂದು ಪಾರ್ಸೆಕ್ಕಿಗೆ 3.26 ಜ್ಯೋತಿರ್ವರ್ಷ. ನಮ್ಮ ನಕ್ಷೆಯಲ್ಲಿ ಅದು ಗಡಿಯಾರದಿಂದ 3.26 ಮೈಲಿ: ಚಾಮುಂಡಿ ಬೆಟ್ಟದ ತುದಿ ದಾಟಿ ಸುಮಾರು ಒಂದು ಕಿಲೋಮೀಟರು ಹಿಂದೆ. ಅಲ್ಲಿ ನಿಂತವನು ಗಡಿಯಾರದ ಬುಡದ ಎರಡು ಚುಕ್ಕೆಗಳನ್ನು ನೋಡಬಲ್ಲವನಾದರೆ, ಅವುಗಳ ನಡುವಿನ ಒಂದು ಇಂಚು ಅವನ ಕಣ್ಣಿಗೆ ಒಂದು ವಿಕಲೆಯ ಕೋನವಾಗುತ್ತದೆ. ಒಂದು ವಿಕಲೆ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು. ಬರಿಗಣ್ಣು ಬಿಡಿಸಿ ನೋಡಬಲ್ಲ ಕೋನ ಅದರ ಸುಮಾರು ಅರವತ್ತು ಪಟ್ಟು. ಒಂದು ಪಾರ್ಸೆಕ್ ಎಂಬ ಆ ಸಮೀಪದೊಳಗೆ ಸೂರ್ಯನನ್ನು ಬಿಟ್ಟು ಒಂದೂ ನಕ್ಷತ್ರವಿಲ್ಲ. 1838ರಲ್ಲಿ ಜರ್ಮನಿಯ ಬೆಸೆಲ್ ಹಂಸ ನಕ್ಷತ್ರಪುಂಜದ 61ನೆಯ ತಾರೆಗೆ ಈ ಕೋನವನ್ನು ಮೊದಲು ಅಳೆದ. ಅದು ವಿಕಲೆಯ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಭೂಮಿ ಸೂರ್ಯನ ಈ ಬದಿಯಲ್ಲಿದ್ದಾಗ ಒಮ್ಮೆ, ಆರು ತಿಂಗಳಾಗಿ ಆ ಬದಿಗೆ ಹೋದಾಗ ಇನ್ನೊಮ್ಮೆ ನೋಡಿ, ನಕ್ಷತ್ರ ಹಿನ್ನೆಲೆಯ ಮೇಲೆ ಎಷ್ಟು ಸರಿಯಿತು ಎಂಬುದರಿಂದ ಬಂದ ಉತ್ತರ ಅದು.

ಇದೇ ವಿದ್ಯೆ ನೆಲದ ಮೇಲೆ ನಮ್ಮ ಸೀಮೆಯಿಂದಲೇ ಹೊರಟಿತ್ತು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯ ದಿನಗಳಲ್ಲಿ ಬ್ರಿಟಿಷ್ ಸೇನಾನಿ ಬೇರ್ಡನ ತುಕಡಿ ಇರುಳಲ್ಲಿ ದಾರಿ ತಪ್ಪಿ ಟಿಪ್ಪುವಿನ ಪಡೆಯತ್ತಲೇ ನಡೆಯುತ್ತಿದ್ದಾಗ, ನಕ್ಷತ್ರ ನೋಡಿ ದಿಕ್ಕು ತಪ್ಪಿದೆ ಎಂದವನು ವಿಲಿಯಂ ಲ್ಯಾಂಬ್ಟನ್. ಯುದ್ಧ ಮುಗಿಯುತ್ತಲೇ ಆತ ಪರ್ಯಾಯದ್ವೀಪವನ್ನು ತ್ರಿಕೋನಗಳಿಂದ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ನೂರಡಿಯ ಉಕ್ಕಿನ ಸರಪಳಿ ಹಾಸಿ ಒಂದು ನೇರ ಗೆರೆಯನ್ನು ಅಳೆದ. ಆಮೇಲಿನದು ಹೆಚ್ಚೆಲ್ಲ ಕೋನಗಳ ಲೆಕ್ಕ. ಬೆಟ್ಟದಿಂದ ಬೆಟ್ಟಕ್ಕೆ ನೋಟ ಹಾಯಿಸಿದರೆ ಸಾಕು. ಕರಾವಳಿಯಿಂದ ಕರಾವಳಿಗೆ ನಾನೂರು ಮೈಲಿ ಎಂದುಕೊಂಡಿದ್ದ ನಕ್ಷೆಗಳಿಗೆ ಆತ ಕೊಟ್ಟ ಉತ್ತರ ಮುನ್ನೂರ ಅರವತ್ತು. ಸರಪಳಿಯ ಗೆರೆಯ ಬದಲು ಭೂಮಿಯ ಕಕ್ಷೆಯನ್ನು, ಬೆಟ್ಟಗಳ ಬದಲು ನಕ್ಷತ್ರಗಳನ್ನು ಇಟ್ಟರೆ ಅದೇ ಲ್ಯಾಂಬ್ಟನ್ನನ ತ್ರಿಕೋನ ಬೆಸೆಲ್ಲನದಾಗುತ್ತದೆ.

ಅಳತೆ ಬದಲಿಸುವ ಲೆಕ್ಕ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಿಸಿದ್ದು ಯೋಜನದ ವಿಷಯದಲ್ಲಿ. ಯೋಜನ ಎಷ್ಟು ಕಿಲೋಮೀಟರು ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ಭೂಮಿಯ ವ್ಯಾಸ 1,050 ಯೋಜನ ಎಂದ ಆರ್ಯಭಟ. ಸೂರ್ಯಸಿದ್ಧಾಂತ ಎಂಬ ಹಳೆಯ ಖಗೋಳಗ್ರಂಥದ ಪ್ರಕಾರ 1,600. ಭೂಮಿ ಅದೇ, 12,742 ಕಿಲೋಮೀಟರು. ಹಾಗಾದರೆ ಆರ್ಯಭಟನ ಯೋಜನ ಹನ್ನೆರಡು ಕಿಲೋಮೀಟರಿನದು, ಸೂರ್ಯಸಿದ್ಧಾಂತದ್ದು ಎಂಟರದು. ಈಗ ಚಂದ್ರನತ್ತ ಬರೋಣ. ಚಂದ್ರನ ಕಕ್ಷೆಯ ಸುತ್ತಳತೆ ಆರ್ಯಭಟನಿಗೆ 2,16,000 ಯೋಜನ, ಸೂರ್ಯಸಿದ್ಧಾಂತಕ್ಕೆ 3,24,000. ನೋಡಿದರೆ ಇಬ್ಬರದೂ ಒಂದಕ್ಕೊಂದು ತಾಳೆಯಾಗದ ಮಾತು. ಅವರವರ ಯೋಜನವನ್ನು ಅವರವರ ಭೂಮಿಯಿಂದಲೇ ತಿರುಗಿಸಿ ನೋಡಿದರೆ ಇಬ್ಬರ ಚಂದ್ರನೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತಾನೆ: ಸೂರ್ಯಸಿದ್ಧಾಂತದಲ್ಲಿ 32 ಭೂವ್ಯಾಸಗಳಾಚೆ, ಆರ್ಯಭಟನಲ್ಲಿ 33ಕ್ಕೆ ತುಸು ಕಡಿಮೆ. ಇಂದು ಲೇಸರಿನಿಂದ ಅಳೆದದ್ದು 30. ಕೋಲು ಬೇರೆಬೇರೆ, ಲೆಕ್ಕದ ರೀತಿ ಬೇರೆ, ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರ. ಆದರೂ ಭೂಮಿ ಮತ್ತು ಚಂದ್ರನ ಅನುಪಾತ ಕೈಯಿಂದ ಕೈಗೆ ಸೋರದೆ ಬಂದಿದೆ.

ಅದೇ ಲೆಕ್ಕವನ್ನು ಸೂರ್ಯನಿಗೆ ಮಾಡಿದರೆ ಚಿತ್ರವೇ ಬೇರೆ. ಸೂರ್ಯಸಿದ್ಧಾಂತದ ಸೂರ್ಯಕಕ್ಷೆ 43,31,500 ಯೋಜನ. ತಿರುಗಿಸಿದರೆ ಸೂರ್ಯ 55 ಲಕ್ಷ ಕಿಲೋಮೀಟರಿನಲ್ಲಿ ನಿಲ್ಲುತ್ತಾನೆ. ನಿಜದ ದೂರ ಅದರ ಇಪ್ಪತ್ತೇಳು ಪಟ್ಟು. ಕಾರಣ ಗ್ರಂಥದಲ್ಲೇ ಇದೆ. ಚಂದ್ರನ ದೂರಕ್ಕೆ ಆಧಾರ ಅವನ ಲಂಬನ, ಅಂದರೆ ನೋಡುವ ಜಾಗ ಬದಲಾದಂತೆ ಅವನು ಸರಿದು ಕಾಣುವ ಕೋನ. ಗ್ರಹಣಗಳಲ್ಲಿ ಅದು ಕೈಗೆಟುಕುತ್ತದೆ. ಸೂರ್ಯನ ಲಂಬನ ಬರಿಗಣ್ಣಿಗೆ ಸಿಗದಷ್ಟು ಸೂಕ್ಷ್ಮ. ಆದ್ದರಿಂದ ಎಲ್ಲ ಗ್ರಹಗಳೂ ದಿನಕ್ಕೆ ಒಂದೇ ಸಮ ಯೋಜನಗಳಷ್ಟು ಸಾಗುತ್ತವೆ ಎಂಬ ಊಹೆಯಿಂದ ಸೂರ್ಯನ ದೂರವನ್ನು ಲೆಕ್ಕ ಹಾಕಿಕೊಂಡರು. ಚಂದ್ರ ಮುಗಿಸುವ ಸುತ್ತಿಗಿಂತ ಸೂರ್ಯನ ಸುತ್ತು ಹದಿಮೂರು ಪಟ್ಟಿಗೂ ಹೆಚ್ಚು ಕಾಲ ಹಿಡಿಯುತ್ತದಾದ್ದರಿಂದ ದೂರವೂ ಅಷ್ಟೇ ಪಟ್ಟಾಯಿತು. ಒಬ್ಬರ ಅಳತೆಯನ್ನು ಇನ್ನೊಬ್ಬರದಕ್ಕೆ ಬದಲಿಸಿ ನೋಡುವವನಿಗೆ ಈ ತಿಳಿವು ಸಿಗುತ್ತದೆ: ಎಲ್ಲಿ ಕಣ್ಣು ನಿಜವಾಗಿ ಅಳೆಯಿತು, ಎಲ್ಲಿ ಬುದ್ಧಿ ಊಹಿಸಿ ಮುಂದೆ ಹಾರಿತು. ಎರಡನ್ನೂ ನಾನು ಗೌರವದಿಂದಲೇ ನೋಡುತ್ತೇನೆ. ಊಹಿಸದಿದ್ದರೆ ಸೂರ್ಯನ ದೂರ ಕೇಳಬೇಕಾದ ಪ್ರಶ್ನೆ ಎಂದೇ ಉಳಿಯುತ್ತಿರಲಿಲ್ಲ.

ಇದೇ ಎಚ್ಚರ ಸಾಯಣಾಚಾರ್ಯರ ಪ್ರಸಿದ್ಧ ಸಾಲಿಗೂ ಬೇಕು. ವಿಜಯನಗರದ ಬುಕ್ಕರಾಯನ ಕಾಲದ ಈ ಭಾಷ್ಯಕಾರರು ಋಗ್ವೇದದ ಸೂರ್ಯಸೂಕ್ತವೊಂದನ್ನು ವಿವರಿಸುತ್ತ, ಅರ್ಧ ನಿಮಿಷದಲ್ಲಿ 2,202 ಯೋಜನ ಸಾಗುವವನೇ ಎಂಬ ಸ್ತುತಿಯನ್ನು ಸ್ಮರಿಸುತ್ತಾರೆ. ಇಲ್ಲಿ ನಿಮಿಷ ಎಂದರೆ ರೆಪ್ಪೆ ಮಿಟುಕಿಸುವ ಕಾಲ. ಯೋಜನಕ್ಕೆ ಒಂಬತ್ತು ಮೈಲಿ, ನಿಮಿಷಕ್ಕೆ ಸೆಕೆಂಡಿನ 75ರಲ್ಲಿ 16 ಪಾಲು ಎಂದು ಹಿಡಿದರೆ ಬೆಳಕಿನ ವೇಗ ಬಂದುಬಿಡುತ್ತದೆ. ಸೂರ್ಯಸಿದ್ಧಾಂತದ ಯೋಜನ ಹಿಡಿದರೆ ಸೆಕೆಂಡಿಗೆ 1.64 ಲಕ್ಷ ಕಿಲೋಮೀಟರು, ಅಂದರೆ ಬೆಳಕಿನ ವೇಗದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಯಾವ ಯೋಜನ ಎಂಬುದನ್ನು ಅವರು ಹೇಳಿಲ್ಲ. ಬೇಕಾದ ಉತ್ತರಕ್ಕಾಗಿ ನಾವು ಕೋಲನ್ನು ಆರಿಸಿಕೊಳ್ಳುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಯೋಜನ ಸಾಗುವ ವೇಗವನ್ನು ತುಂಗಭದ್ರೆಯ ದಡದಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ಒಬ್ಬರು ನೆನೆದು ಕೈಮುಗಿದರು ಎಂಬುದೇ ಸಾಕಷ್ಟು ದೊಡ್ಡದು.

ಮೈಸೂರಿನಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಶ್ರವಣಬೆಳಗೊಳದ ಜೈನ ಪರಂಪರೆಯಲ್ಲಿ ಇನ್ನೂ ದೊಡ್ಡ ಅಳತೆಯೊಂದಿದೆ, ರಜ್ಜು. ಅರ್ಥಶಾಸ್ತ್ರದಲ್ಲಿ ಈ ಹೆಸರಿನ ಅಳತೆ ಹೊಲ ಅಳೆಯುವ ಹತ್ತು ದಂಡದ ಹಗ್ಗ. ಜೈನ ಲೋಕವಿವರಣೆಯಲ್ಲಿ ಲೋಕದ ಎತ್ತರವೇ ಹದಿನಾಲ್ಕು ರಜ್ಜು. ದೇವತೆಯೊಬ್ಬ ಕ್ಷಣಕ್ಕೆ ಲಕ್ಷಾಂತರ ಯೋಜನಗಳ ವೇಗದಲ್ಲಿ ಆರು ತಿಂಗಳು ಹಾರಿದರೆ ದಾಟುವ ದೂರ ಒಂದು ರಜ್ಜು ಎಂಬ ವಿವರಣೆಯುಂಟು. ಇದರ ರಚನೆಯನ್ನು ಗಮನಿಸಬೇಕು: ತಿಳಿದವುಗಳಲ್ಲೆಲ್ಲ ಅತಿ ವೇಗದ ಸಂಚಾರಿಯನ್ನು ಆರಿಸಿಕೊಂಡು, ಒಂದು ನಿಶ್ಚಿತ ಕಾಲ ಓಡಿಸಿ, ಆ ದೂರವನ್ನು ಒಂದು ಎಂದು ಕರೆಯುವುದು. ಜ್ಯೋತಿರ್ವರ್ಷವನ್ನು ಕಟ್ಟಿರುವುದೂ ಹೀಗೇ. ಹಾರುವವನು ಬೇರೆ, ಕಾಲ ಬೇರೆ. ದೂರವನ್ನು ಕಾಲದಿಂದ ಹಿಡಿಯುವ ಉಪಾಯ ಒಂದೇ.

ಅದೇ ಪರಂಪರೆಯ ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಸಾರಸಂಗ್ರಹ ಬರೆದರು. ಅದರಲ್ಲಿ ಒಂದರಿಂದ ಹಿಡಿದು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರುಗಳಿವೆ: ಕೋಟಿ ದಾಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿ, ಕ್ಷೋಭ, ಕೊನೆಗೆ ಮಹಾಕ್ಷೋಭ. ಒಂದರ ಮುಂದೆ ಇಪ್ಪತ್ಮೂರು ಸೊನ್ನೆ ಇಟ್ಟರೆ ಮಹಾಕ್ಷೋಭ. ಇಂದು ನಾವು ಕಾಣಬಲ್ಲ ವಿಶ್ವದ ಅಂಚು ಸುಮಾರು 4,650 ಕೋಟಿ ಜ್ಯೋತಿರ್ವರ್ಷ ದೂರ ಎನ್ನುತ್ತದೆ ವಿಜ್ಞಾನ. ಅದನ್ನು ಕಿಲೋಮೀಟರಿಗೆ ತಿರುಗಿಸಿದೆ. ಬಂದದ್ದು ನಾಲ್ಕು ಮಹಾಕ್ಷೋಭಕ್ಕಿಂತ ತುಸು ಹೆಚ್ಚು. ಮಹಾವೀರಾಚಾರ್ಯರಿಗೆ ಕಿಲೋಮೀಟರು ಗೊತ್ತಿರಲಿಲ್ಲ, ಗೆಲಾಕ್ಸಿ ಗೊತ್ತಿರಲಿಲ್ಲ. ಇದೂ ಎತ್ತಿನ ಸಾಲಿನಂಥ ಆಕಸ್ಮಿಕವೇ. ಆದರೆ ಕನ್ನಡ ನಾಡಿನಲ್ಲಿ ಆಗಲೇ ಎಣಿಕೆಗೆ ಇಷ್ಟು ಉದ್ದದ ಏಣಿ ಇತ್ತು, ಮತ್ತು ಇಂದಿನ ವಿಶ್ವಕ್ಕೆ ಅದರ ಕೊನೆಯ ಮೆಟ್ಟಿಲು ಸಾಕಾಯಿತು ಎಂಬುದು ಆಕಸ್ಮಿಕವಲ್ಲ, ಸತ್ಯ.

ದೊಡ್ಡ ಸಂಖ್ಯೆ ಬರೆದು ಸೊನ್ನೆಗಳನ್ನು ತೋರಿಸಿದರೆ ವಿಸ್ಮಯ ಹುಟ್ಟುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸೊನ್ನೆಗಳ ಮುಂದೆ ಮನಸ್ಸು ಬೇಗ ದಣಿಯುತ್ತದೆ. ಹತ್ತು ಸೊನ್ನೆಗೂ ಇಪ್ಪತ್ತು ಸೊನ್ನೆಗೂ ಅದು ಒಂದೇ ತರ ತಲೆ ಆಡಿಸಿ ಸುಮ್ಮನಾಗುತ್ತದೆ. ವಿಸ್ಮಯ ಇರುವುದು ಒಂದು ಮೆಟ್ಟಿಲು ಇನ್ನೊಂದನ್ನು ಹಿಡಿದು ನಿಂತಿರುವುದರಲ್ಲಿ. 1961ರಲ್ಲಿ ಶುಕ್ರನಿಗೆ ರೇಡಾರ್ ಅಲೆ ಕಳಿಸಿ ಅದರ ಮಾರ್ದನಿ ಬರುವ ಕಾಲದಿಂದ ಸೂರ್ಯನ ದೂರವನ್ನು ನಿಖರ ಮಾಡಿದರು. ಆ ದೂರವನ್ನು ಅಡಿಗೆರೆಯಾಗಿಟ್ಟುಕೊಂಡು ಹತ್ತಿರದ ನಕ್ಷತ್ರಗಳ ಪಾರ್ಸೆಕ್. ಮಿಡಿಯುವ ಸೆಫೀಡ್ ನಕ್ಷತ್ರಗಳ ಮಿಡಿತ ನಿಧಾನವಾದಷ್ಟೂ ಪ್ರಕಾಶ ಹೆಚ್ಚು ಎಂದು ಹೆನ್ರಿಯೆಟಾ ಲೀವಿಟ್ ಕಂಡುಕೊಂಡರು. ಆ ಮಿಡಿತ ಹಿಡಿದು ಹಬಲ್ ಆಂಡ್ರೊಮಿಡಾದ ದೂರ ಅಳೆದ. ಆತನ ಉತ್ತರ ಸುಮಾರು ಒಂಬತ್ತು ಲಕ್ಷ ಜ್ಯೋತಿರ್ವರ್ಷ. ಏಣಿಯ ಕೆಳಗಿನ ಮೆಟ್ಟಿಲು ಸರಿಹೋದಂತೆ ಅದು 25 ಲಕ್ಷವಾಯಿತು. ಒಂದು ಮೆಟ್ಟಿಲು ಅಲುಗಿದರೆ ಮೇಲಿನದೆಲ್ಲ ಅಲುಗುತ್ತದೆ. ದೂರದ ಗೆಲಾಕ್ಸಿಯ ಬಗ್ಗೆ ನಮಗಿರುವ ಭರವಸೆ ಹತ್ತಿರದ ಮೆಟ್ಟಿಲಿನ ಗಟ್ಟಿತನದಷ್ಟೇ.

ಕನ್ನಡದಲ್ಲಿ ಈ ಏಣಿಯನ್ನು ಹತ್ತಿಸಿದವರನ್ನು ನೆನೆಯದೆ ಇದ್ದರೆ ತಪ್ಪಾಗುತ್ತದೆ. ಆರ್. ಎಲ್. ನರಸಿಂಹಯ್ಯನವರು ಜಗತ್ತುಗಳ ಹುಟ್ಟುಸಾವಿನ ಬಗ್ಗೆ ಕನ್ನಡದಲ್ಲೇ ಬರೆದರು. ಮೈಸೂರಿನಲ್ಲಿ ನೆಲೆಸಿ, ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶಕ್ಕೆ ದುಡಿದ ಜಿ. ಟಿ. ನಾರಾಯಣ ರಾವ್ (1926–2008) ನಕ್ಷತ್ರಗಳನ್ನು ಹೆಸರು ಹಿಡಿದು ಗುರುತಿಸುವುದನ್ನು ಒಂದು ತಲೆಮಾರಿಗೆ ಕಲಿಸಿದರು. ಅಳತೆಯ ಹೆಸರು ಮಾತೃಭಾಷೆಯಲ್ಲಿದ್ದರೆ ಲೆಕ್ಕ ಮಾಡುವ ಧೈರ್ಯ ಬರುತ್ತದೆ ಎಂಬುದು ಅವರ ಬದುಕಿನಿಂದ ನಾನು ಕಲಿತ ಪಾಠ.

ಆ ಧೈರ್ಯದ ಇನ್ನೊಂದು ಉದಾಹರಣೆ ಈಗ ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗುತ್ತಿದೆ. 1977ರಲ್ಲಿ ಹಾರಿದ ವಾಯೇಜರ್–1 ಇಂದು ಸೂರ್ಯನಿಂದ 170 ಇಂಚಿನ ಆಸುಪಾಸಿನಲ್ಲಿದೆ, ಹದಿನಾಲ್ಕು ಅಡಿ. ಅರ್ಧ ಶತಮಾನದಲ್ಲಿ ಬೆಳಕಿನ ಒಂದು ದಿನದ ದಾರಿ. ಅದರ ಮೈಮೇಲಿನ ಚಿನ್ನದ ಲೇಪದ ತಟ್ಟೆಯಲ್ಲಿ ಐವತ್ತೈದು ಭಾಷೆಗಳ ಶುಭಾಶಯವಿದೆ, ಕನ್ನಡವೂ ಅದರಲ್ಲೊಂದು. ತಟ್ಟೆಯನ್ನು ಎಷ್ಟು ವೇಗದಲ್ಲಿ ತಿರುಗಿಸಬೇಕು ಎಂದು ಯಾರಿಗೋ ಹೇಳಬೇಕಿತ್ತು. ಅವರಿಗೆ ನಮ್ಮ ಸೆಕೆಂಡು ತಿಳಿಯದು, ಇಂಚು ಮೀಟರು ತಿಳಿಯದು, ಯೋಜನವಂತೂ ಇಲ್ಲವೇ ಇಲ್ಲ. ಆದ್ದರಿಂದ ಹೈಡ್ರೋಜನ್ ಪರಮಾಣುವಿನೊಳಗಿನ ಒಂದು ಬದಲಾವಣೆಯ ಕಾಲವನ್ನು ಕೋಲಾಗಿ ಇಟ್ಟು, ಎಲ್ಲವನ್ನೂ ಅದರ ಪಟ್ಟುಗಳಲ್ಲಿ ಕೆತ್ತಿದರು. ಸೂರ್ಯನಿರುವ ಜಾಗವನ್ನು ಹದಿನಾಲ್ಕು ಪಲ್ಸಾರ್ ನಕ್ಷತ್ರಗಳಿಂದ ಗುರುತು ಮಾಡಿದರು.

ಹಾಗೆ ಕೆತ್ತಿದವರ ಹಿಂದೆ ಒಂದು ನಂಬಿಕೆ ಇದೆ: ನಮ್ಮನ್ನು ಎಂದೂ ಕಾಣದವರು, ನಮ್ಮ ಮಾತು ತಿಳಿಯದವರು, ನಮ್ಮ ಅಳತೆಯನ್ನು ತಮ್ಮ ಅಳತೆಗೆ ಬದಲಿಸಿಕೊಂಡು ನಮ್ಮ ಅರ್ಥವನ್ನು ಹಿಡಿಯಬಲ್ಲರು. ಇದು ಬರೀ ಹಾರೈಕೆಯಲ್ಲ ಎಂದು ನನಗೆ ಗೊತ್ತಿದೆ. ಯೋಜನದ ಉದ್ದ ಮರೆತುಹೋದ ಮೇಲೂ ಆರ್ಯಭಟನ ಚಂದ್ರನನ್ನು ನಾವು ಆತನ ಭೂಮಿಯಿಂದಲೇ ಅಳೆದು, ಆತ ಹೇಳಿದ ಜಾಗದ ಆಸುಪಾಸಿನಲ್ಲೇ ಕಂಡಿದ್ದೇವೆ.